ಬಾತುಗಳ ತಿಂಗಳಲ್ಲಿ ಬಂದ ಫಿರಂಗಿ

ಐಸ್‌ಲ್ಯಾಂಡ್ ಯಾರ ಜಗಳಕ್ಕೂ ಹೋಗುವುದಿಲ್ಲ ಎಂದು ನಮ್ಮ ಸರ್ಕಾರ ಸಾರಿದಾಗ ನನಗೆ ಬಹಳ ಸಂತೋಷವಾಗಿತ್ತು. ತಟಸ್ಥನಾಗಿರುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಡಲತೋಳಿನ ಎರಡು ದಂಡೆಯಲ್ಲೂ ಇರಲಿಲ್ಲ. ನನ್ನ ಹೆಂಡತಿ ಸಾಲ್ವೋರ್‌ಗೂ ಅವಳ ಅಕ್ಕನಿಗೂ ಕುರಿಗಳ ವಿಷಯಕ್ಕೆ ಹತ್ತಿಕೊಂಡಾಗಲೆಲ್ಲ, ನಾನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ, ಎರಡೂ ಮನೆಯಲ್ಲಿ ಕಾಫಿ ಕುಡಿದು ಬಂದವನು.

ಮೇ ತಿಂಗಳಲ್ಲಿ ಮಾತ್ರ ಅವರ ಜಗಳವೂ ಪಿಸುಮಾತಿನಲ್ಲೇ ನಡೆಯುತ್ತಿತ್ತು. ಆಗ ನಮ್ಮ ಮನೆಯ ಕೆಳಗೆ ನೀರಿನೊಳಕ್ಕೆ ಚಾಚಿದ ಮರಳುದಿಬ್ಬದ ತುಂಬ ಕಡಲಬಾತುಗಳು ಕಾವಿಗೆ ಕೂರುತ್ತವೆ. ಎದೆಯ ತುಪ್ಪಳ ಕಿತ್ತು ಗೂಡಿಗೆ ಹಾಸುತ್ತವೆ. ಆ ತುಪ್ಪಳವೇ ನಮ್ಮ ಅನ್ನ. ನಾಯಿಯನ್ನು ಕಟ್ಟಬೇಕು, ಬಾಗಿಲು ದಡಾರನೆ ಹಾಕಬಾರದು, ಬಂದೂಕಿನ ಹೆಸರೆತ್ತಬಾರದು. ಒಂದು ಸಲ ಢಮ್ಮೆಂದರೆ ಹಿಂಡಿಗೆ ಹಿಂಡೇ ಕಡಲಿಗೆ ಹಾರುತ್ತದೆ, ಮೊಟ್ಟೆ ತಣ್ಣಗಾಗುತ್ತದೆ, ಮತ್ತೆ ಅವು ಆ ಜಾಗಕ್ಕೆ ಬರುತ್ತವೆಂಬ ನೆಚ್ಚಿಕೆಯಿಲ್ಲ. ಸಾಲ್ವೋರಳ ಅಜ್ಜಿ ಹಾಗೆ ನಂಬಿಸಿ ನಂಬಿಸಿ ಕರೆತಂದ ಹಿಂಡು ಅದು. ಬಾತುಗಳಿಗೆ ಶೋಕಿ ಹೆಚ್ಚು. ಬಣ್ಣ ಕಂಡಲ್ಲಿ, ಗೆಜ್ಜೆ ಕಿಣಿಗುಟ್ಟಿದಲ್ಲಿ ಇಳಿಯುತ್ತವೆ. ಆದ್ದರಿಂದ ಸಾಲ್ವೋರ್ ದಿಬ್ಬದ ಉದ್ದಕ್ಕೂ ಕೋಲು ನೆಟ್ಟು ಹಳೆಯ ಲಂಗ, ಪರದೆ, ನನ್ನ ಮದುವೆಯ ಅಂಗಿಯ ತೋಳು, ಎಲ್ಲವನ್ನೂ ಬಾವುಟ ಮಾಡಿ ಕಟ್ಟಿದ್ದಳು.

ನಲವತ್ತರ ಮೇ ತಿಂಗಳಲ್ಲಿ, ಜರ್ಮನ್ನರು ಬರುವ ಮೊದಲೇ ಬರೋಣವೆಂದು ಬ್ರಿಟಿಷರು ನಮ್ಮನ್ನು ಕೇಳದೆಯೇ ರಾಜಧಾನಿಯಲ್ಲಿ ಬಂದಿಳಿದರು. ವಾರ ಕಳೆದಿರಲಿಲ್ಲ, ನಮ್ಮ ಅಂಗಳಕ್ಕೂ ಒಂದು ಲಾರಿ ಬಂತು. ಹಿಂದೆ ಫಿರಂಗಿ, ಒಳಗೆ ಸಿಪಾಯಿಗಳು, ಮುಂದೆ ಚಳಿಗೆ ಮೂಗು ಕೆಂಪಾದ ಬಾರ್ಲೋ ಎಂಬ ಎಳೆಯ ಅಧಿಕಾರಿ. ಅವನ ಪಕ್ಕದಲ್ಲಿ, ಪುಸ್ತಕ ಓದಿ ಇಂಗ್ಲಿಷ್ ಕಲಿತಿದ್ದ ನಮ್ಮ ಊರಿನ ಪಾದ್ರಿ ಓಗ್ಮುಂಡುರ್, ಬಲಿಗೆ ಹೊರಟ ಟಗರಿನಂತೆ ಕೂತಿದ್ದರು.

ಸಾಲ್ವೋರ್ ಓಡಿಹೋಗಿ ಲಾರಿಯ ಮುಂದೆ ನಿಂತು ತುಟಿಯ ಮೇಲೆ ಬೆರಳಿಟ್ಟಳು. ಇಂಜಿನ್ ನಿಂತಿತು.

"ಏನಂತೆ ಇವ್ರಿಗೆ?" ಎಂದು ಪಿಸುಗುಟ್ಟಿದಳು.

"ಈ ದಿಬ್ಬದ ಮೇಲೆ ಫಿರಂಗಿ ಇಡ್ತಾರಂತಮ್ಮ. ನಾಳೆ ಬೆಳಿಗ್ಗೆ ಹೊಡೆದು ನೋಡ್ತಾರಂತೆ," ಎಂದು ಪಾದ್ರಿಗಳೂ ಪಿಸುಗುಟ್ಟಿದರು. ಮೇ ತಿಂಗಳ ರೂಢಿ ಅವರಿಗೂ ಇತ್ತು.

ಪಿಸುಮಾತು ಆಕಳಿಕೆಯ ಹಾಗೆ, ಒಬ್ಬರಿಂದೊಬ್ಬರಿಗೆ ಹತ್ತುತ್ತದೆ. ಬಾರ್ಲೋ ತಾನೂ ದನಿ ತಗ್ಗಿಸಿ ಏನೋ ಕೇಳಿದ. ಸಿಪಾಯಿಗಳು ಹತ್ತಿರದಲ್ಲೇ ಶತ್ರು ಅಡಗಿದ್ದಾನೆಂದು ತಿಳಿದು ಬಂದೂಕು ಹಿಡಿದು ನಮ್ಮ ಕುರಿದೊಡ್ಡಿಯನ್ನು ಸುತ್ತುವರಿದರು. ಒಳಗಿದ್ದ ಮುದಿ ಟಗರು ಹೊರಗೆ ಇಣುಕಿ ನೋಡಿ, ಮತ್ತೆ ಮಲಗಿತು.

ಪಾದ್ರಿಗಳು ನನ್ನತ್ತ ತಿರುಗಿದರು. "ಕೆಟಿಲ್, ಕೆಲಸ ಕೆಟ್ಟಿತಪ್ಪ. ಈ ಬಾವುಟ ಎಲ್ಲ ಜರ್ಮನ್ ಹಡಗಿಗೆ ಕೊಡೋ ಸನ್ನೆ ಅಂತಾನೆ ಇವನು. ಬಾತಿಗೆ ಕಟ್ಟಿದ್ದು ಅಂದ್ರೆ ನಗ್ತಾನೆ. ಮನೆ ಯಜಮಾನ ನೀನು. ನೀನೇ ಹೇಳಬೇಕಂತೆ."

ಒಂದು ಕಡೆ ಹೆಂಡತಿ, ಇನ್ನೊಂದು ಕಡೆ ಇಡೀ ಬ್ರಿಟಿಷ್ ಸಾಮ್ರಾಜ್ಯ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಿಂದ ಇಪ್ಪತ್ತು ವರ್ಷದ ಅಭ್ಯಾಸ ಹೊರಬಿತ್ತು. "ಅವಳು ಹೇಳೋದೂ ಸರಿ. ಅವರು ಹೇಳೋದರಲ್ಲೂ ಅರ್ಥ ಇಲ್ಲ ಅನ್ನಕ್ಕಾಗಲ್ಲ."

ಪಾದ್ರಿಗಳು ಸತ್ಯವಂತರು. ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ದಾಟಿಸಿಬಿಟ್ಟರು. ಬಾರ್ಲೋ ತಲೆಯಾಡಿಸಿದ, ಇಬ್ಬರು ಸಿಪಾಯಿಗಳು ಬಂದು ನನ್ನ ಎಡಬಲಕ್ಕೆ ನಿಂತರು.

"ನೀನು ತಪ್ಪೊಪ್ಪಿಕೊಂಡೆ ಅಂತ ಬರ್ಕೊಂಡ," ಎಂದರು ಪಾದ್ರಿಗಳು.

ಸಾಲ್ವೋರ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕರ್ಕೊಂಡು ಹೋಗಲಿ ಬಿಡಿ ಪಾದ್ರಿಗಳೇ. ಸದ್ದು ಮಾಡದೆ ಕರ್ಕೊಂಡು ಹೋಗಿ ಅನ್ನಿ. ಬಾತಿಗಾದ್ರೂ ಮರ್ಯಾದೆ ಇದೆ."

ಅವಳ ಮಾತಿಗೆ ನಾನು ಹೆದರಲಿಲ್ಲ, ಅದು ದಿನಾ ಇದ್ದದ್ದೇ. ಆದರೆ ಅವಳ ಗಲ್ಲ ನಡುಗುತ್ತಿತ್ತು. ಅವಳ ಅಜ್ಜಿ ಸತ್ತಾಗಲೂ ನಾನು ಅದನ್ನು ಕಂಡಿರಲಿಲ್ಲ. ಆಗಲೇ ಒಬ್ಬ ಸಿಪಾಯಿ ಮೊದಲ ಬಾವುಟದ ಕೋಲಿಗೆ ಕೈ ಹಾಕಿದ್ದ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಸಿಪಾಯಿಗಳ ನಡುವಿನಿಂದ ನುಸುಳಿ ಹೋಗಿ ಬಾರ್ಲೋನ ಕೈ ಹಿಡಿದುಕೊಂಡೆ. ಮಂಜುಗಡ್ಡೆಯ ಹಾಗಿತ್ತು. ಅವನನ್ನು ಕೋಲಿನ ಬುಡಕ್ಕೆ ಎಳೆದುಕೊಂಡು ಹೋಗಿ ಮಂಡಿಯೂರಿಸಿದೆ. ಅಲ್ಲಿ ಒಂದು ಹಳೆಯ ಬಾತು ಕೂತಿತ್ತು, ಸಾಲ್ವೋರಳ ಮುದ್ದಿನದು. ಅದು ಮನುಷ್ಯರನ್ನು ಕಂಡರೆ ಏಳುವುದಿಲ್ಲ, ಗುರಾಯಿಸುತ್ತದೆ ಅಷ್ಟೆ. ಅದರ ಹೊಟ್ಟೆಯ ಕೆಳಗೆ ಆ ಕೈಯನ್ನು ಮೆಲ್ಲಗೆ ತೂರಿಸಿದೆ.

ಬಾರ್ಲೋ ಹಾಗೇ ಕೂತ. ಬಾತು ಅವನನ್ನು ಗುರಾಯಿಸಿತು. ತುಂಬ ಹೊತ್ತು ಅವನು ಕೈ ತೆಗೆಯಲಿಲ್ಲ, ಬೆರಳಿಗೆ ಬಿಸಿ ಹತ್ತಿತೆಂದು ಕಾಣುತ್ತದೆ, ಮುಖದಲ್ಲಿ ಅವನ ನಿಜವಾದ ವಯಸ್ಸು ಕಾಣಿಸಿತು. ಆಮೇಲೆ ಇನ್ನೊಂದು ಕೈಯನ್ನೂ ತೂರಿಸಿದ.

"ಸನ್ನೆ ಅಲ್ಲ ಅಂತ ಒಪ್ಪಿದ," ಎಂದರು ಪಾದ್ರಿಗಳು. "ಆದ್ರೆ ಫಿರಂಗಿ ಎಲ್ಲಾದ್ರೂ ಇಡ್ಲೇಬೇಕಂತೆ. ಆ ಗುಡ್ಡದ ಮೇಲೆ ಆಗಬಹುದು, ಅಲ್ಲಿಗೆ ಲಾರಿ ಹತ್ತಲ್ಲ."

"ನನ್ನ ಕುದುರೆಗಳು ಹತ್ತುತ್ವೆ," ಎಂದೆ ನಾನು. "ಹಗ್ಗ ಹಾಕಿ ಎಳೆಯೋಣ. ಆದ್ರೆ ಮರಿಗಳು ನೀರಿಗಿಳಿಯೋ ತನಕ ಹೊಡೆದು ನೋಡೋ ಆಟ ಬೇಡ."

ಶತ್ರು ಬಂದರೆ ಮಾತ್ರ ತನ್ನ ಕೈಲಿಲ್ಲ, ಉಳಿದಂತೆ ಒಪ್ಪಿದೆ ಎಂದ ಬಾರ್ಲೋ.

ಚಕ್ರಕ್ಕೆ ಕುರಿಚರ್ಮ ಸುತ್ತಿ, ಕುದುರೆ ಕಟ್ಟಿ, ಸಿಪಾಯಿಗಳೂ ಪಾದ್ರಿಗಳೂ ನಾನೂ ಎಳೆದೆವು. ಅಷ್ಟು ಸದ್ದಿಲ್ಲದೆ ಯಾವ ಸೈನ್ಯವೂ ಗುಡ್ಡ ಹತ್ತಿರಲಾರದು. ಒಬ್ಬ ಸಿಪಾಯಿ ಎಡವಿ ಬಿದ್ದಾಗ ಬೈಗುಳವನ್ನು ಬಾಯೊಳಗೇ ನುಂಗಿದ. ಒಂದು ಬಾತೂ ಏಳಲಿಲ್ಲ. ಸಾಲ್ವೋರ್ ಕಾಫಿಯನ್ನೂ ಎಣ್ಣೆಯಲ್ಲಿ ಕರಿದ ಕ್ಲೈನಾ ಎಂಬ ಸಿಹಿತಿಂಡಿಯನ್ನೂ ಹೊತ್ತು ಮೇಲೆ ಬಂದಳು. ಎಲ್ಲರಿಗಿಂತ ಮೊದಲು ನನಗೆ ಕೊಟ್ಟಳು. ನಾನು ಬೀಗಿಹೋದೆ.

ಆ ಹುರುಪಿನಲ್ಲಿ ನನ್ನ ನಾಲಿಗೆಗೆ ಲಂಗುಲಗಾಮು ಇರಲಿಲ್ಲ. ಫಿರಂಗಿಯ ಮೂತಿ ಯಾವ ಕಡೆ ತಿರುಗಿಸಲಿ ಎಂದು ಬಾರ್ಲೋ ನೀರನ್ನು ನೋಡುತ್ತಿದ್ದಾಗ, ಯಾರೂ ಕೇಳದೆ ನಾನೇ ಕೈ ಚಾಚಿದೆ. "ಆ ಕರಿಬಂಡೆ ಇದೆಯಲ್ಲ, ಅದರ ಎಡಗಡೆ. ಹಡಗು ಬಂದ್ರೆ ಅಲ್ಲಿಂದ್ಲೇ ಬರಬೇಕು."

ಪಾದ್ರಿಗಳು ದಾಟಿಸಿದರು. ಮೂತಿ ಅತ್ತ ತಿರುಗಿತು. ಬಾರ್ಲೋ ನನ್ನ ಬೆನ್ನು ತಟ್ಟಿದ.

ಸಾಲ್ವೋರ್ ನನ್ನ ಪಕ್ಕಕ್ಕೆ ಬಂದು ನಿಂತಳು. "ಕೆಟಿಲ್, ಆ ದಾರೀಲಿ ಬರೋದು ಕಾರ್ಸ್ಟನ್ ಒಬ್ನೇ ಅಲ್ವಾ?"

ಕಾರ್ಸ್ಟನ್ ಜರ್ಮನಿಯ ಹ್ಯಾಂಬರ್ಗಿನವನು. ಹೋದ ವರ್ಷದವರೆಗೂ ಪ್ರತಿ ಬೇಸಿಗೆ ಹಡಗಿನಲ್ಲಿ ಬಂದು ನಮ್ಮ ತುಪ್ಪಳ ಕೊಳ್ಳುತ್ತಿದ್ದವನು, ನಮ್ಮ ಅಡುಗೆಮನೆಯ ಬೆಂಚಿನ ಮೇಲೆ ಮಲಗುತ್ತಿದ್ದವನು. ಆ ದಾರಿಯನ್ನು ಅವನಿಗೆ ತೋರಿಸಿಕೊಟ್ಟವನೂ ನಾನೇ.

"ಬಂದ್ರೆ ದೋಣಿ ತಗೊಂಡು ಎದುರು ಹೋಗ್ತೀನಿ," ಎಂದೆ. "ಬಂಡೆಯ ಬಲಗಡೆಯಿಂದ ಬಾರೋ ಅಂತೀನಿ."

"ಬಲಗಡೆ ಆಳವಿಲ್ಲ. ಹಡಗು ಒಡೆಯುತ್ತೆ."

ಅವಳು ನನ್ನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು.

"ಈ ವರ್ಷ ಅವನು ಬರೋದು ಬೇಡ," ಎಂದಳು. "ತುಪ್ಪಳ ಕೆಡಲ್ಲ. ಕಾಯುತ್ತೆ."