ಸೀಗಡಿ ಸಿಪ್ಪೆಯ ಶಂಭುಲಿಂಗಯ್ಯ

ಶುಭವಾರ್ತೆ ಕೇಳಿದೊಡನೆ ಮುಖ ಸಿಂಡರಿಸುವ ಮನುಷ್ಯನನ್ನು ತುಳಸಿ ಶಂಭುಲಿಂಗಯ್ಯನವರಿಗಿಂತ ಮೊದಲು ಕಂಡಿರಲಿಲ್ಲ. ಹೊಸಪೇಟೆಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ಅವರು ಅವಳ ಸಂಶೋಧನೆಗೆ ಮಾರ್ಗದರ್ಶಕರು. ನಾಲ್ಕು ಹೆಜ್ಜೆ ನಡೆದು, ಏನನ್ನೋ ಮರೆತವರಂತೆ ನಿಂತು, ಮತ್ತೆ ನಾಲ್ಕು ಹೆಜ್ಜೆ ಇಡುವವರು. ಆಮ್ಲದ ಕಲೆಗಳಿಂದ ಕಂದಿದ ಬಿಳಿ ಕೋಟನ್ನು ಬಸ್ಸಿನಲ್ಲಿಯೂ ಕಳಚದವರು. ಮೀನು ಮಾಂಸ ಮುಟ್ಟದ ಮನೆತನದ ಈ ವಿಭೂತಿಧಾರಿ ವಾರಕ್ಕೊಮ್ಮೆ ಕಂಪ್ಲಿಗೆ ಹೋಗಿ, ಮೀನು ಮಾರುವ ಭೀಮವ್ವ ಎಸೆಯಲಿಟ್ಟ ಸೀಗಡಿ ಸಿಪ್ಪೆ, ಏಡಿ ಚಿಪ್ಪುಗಳನ್ನು ಊಟದ ಕ್ಯಾರಿಯರಿನಲ್ಲಿ ತುಂಬಿ ತರುತ್ತಿದ್ದರು.

"ಇಳೀರಿ ಸರ್, ನಾತ ತಡಿಯಾಕ ಆಗವಲ್ದು" ಎಂದು ಕಂಡಕ್ಟರ್ ಗೋಗರೆದರೆ, "ನಾತ ಬಂತಂದ್ರ ಸರಕು ತಾಜಾ ಇಲ್ಲ" ಎಂದು ಚಿಂತಾಕ್ರಾಂತರಾಗಿ, ತುಂಬಿದ ಬಸ್ಸಿನಲ್ಲೇ ಮುಚ್ಚಳ ತೆರೆದು ಮೂಸುತ್ತಿದ್ದರು.

ದೇಹದ ಜೀವಕೋಶಗಳನ್ನು ಸವೆಸುವ ಆಕ್ಸಿಡೀಕರಣವನ್ನು ತಡೆಯುವ ಗುಣ ಆ ಕಸದಲ್ಲಿದೆಯೇ ಎಂಬುದು ತುಳಸಿಯ ಪ್ರಶ್ನೆ. ಸಿಪ್ಪೆಯನ್ನು ಒಣಗಿಸಿ, ಪುಡಿಮಾಡಿ, ಮದ್ಯಸಾರದಲ್ಲಿ ನೆನೆಸಿ ತೆಗೆದ ಕಿತ್ತಳೆ ಬಣ್ಣದ ಸಾರವನ್ನು ಒಂದು ನೇರಳೆ ದ್ರಾವಣಕ್ಕೆ ಬೆರೆಸಬೇಕು. ಸಾರ ಹಾಕದ ನಳಿಕೆಗೆ ಹೋಲಿಸಿದರೆ ನೇರಳೆ ಎಷ್ಟು ಮಾಸಿತೋ ಸಾರದ ಶಕ್ತಿ ಅಷ್ಟು. ಎಂಟು ತಿಂಗಳು ಯಾವ ಅಂಕಿ ತೋರಿಸಿದರೂ ಅವರದು ಒಂದೇ ಮಾತು: "ಇನ್ನೊಂದ್ ಸಲ ನೋಡೂಣವ್ವಾ."

ಪ್ರಬಂಧ ಮಂಡನೆಗೆ ಮೂರು ದಿನ ಉಳಿದಿದ್ದಾಗ ಶೇಕಡಾ ಎಂಬತ್ತೆರಡು ಬಂತು. ತುಳಸಿ ಓಡಿಬಂದಳು. ಅವರ ಮುಖ ಸಿಂಡರಿಸಿತು.

"ಸಾರ ಹಾಕದ ನಳಿಕಿ ಎಲ್ಲಿಟ್ಟಿದ್ದಿ?"

"ಕಪಾಟಿನ್ಯಾಗ್ರಿ."

"ಹಾಕಿದ್ವು?"

"ಕಿಟಕಿ ಕಟ್ಟಿ ಮ್ಯಾಲ..." ತುಳಸಿಯ ದನಿ ಇಳಿಯಿತು. "ಬಿಸಿಲಿತ್ರಿ."

ಆ ನೇರಳೆ ಬಿಸಿಲಿಗೂ ಮಾಸುತ್ತದೆ. ಅದು ಅವಳಿಗೂ ತಿಳಿದಿತ್ತು. ಆದ್ದರಿಂದಲೇ ಸಿಟ್ಟು ನೆತ್ತಿಗೇರಿತು.

"ಯಾರು ಕೇಳ್ತಾರ್ರಿ ಸರ್ ಅದನ್ನ? ಸಾಕಾಗೇತಿ ನನಗ!"

"ಯಾರೂ ಕೇಳಂಗಿಲ್ಲವ್ವಾ. ಅದಕ್ಕs ನಾವು ಕೇಳಬೇಕು."

ಅಷ್ಟು ಹೇಳಿ, ಕೋಟಿನ ತೋಳು ಮಡಚಿ, ನಳಿಕೆಗಳನ್ನು ತೊಳೆಯಲು ತಾವೇ ನಿಂತರು. ಎರಡು ದಿನ ಅವಳು ಅವರೊಡನೆ ಕೆಲಸಕ್ಕೆ ಬೇಕಾದುದಕ್ಕಿಂತ ಹೆಚ್ಚು ಒಂದಕ್ಷರವೂ ಆಡಲಿಲ್ಲ. ಎಲ್ಲ ನಳಿಕೆಗಳನ್ನೂ ಕತ್ತಲಲ್ಲಿಟ್ಟು ಮೂರು ಸಲ ಅಳೆದರು. ಶೇಕಡಾ ಮೂವತ್ತೊಂಬತ್ತು.

ಮಂಡನೆಯ ದಿನ ಪರೀಕ್ಷಕರೊಬ್ಬರು, "ಇಷ್ಟೇನಾ?" ಎಂದು ಹುಬ್ಬೇರಿಸಿದರು. "ಇಷ್ಟೇರಿ. ಬೇಕಾದ್ರ ನೀವೂ ಅಳದು ನೋಡ್ರಿ," ಎಂದಳು ತುಳಸಿ, ತಡವರಿಸದೆ. ಹಿಂದಿನ ಸಾಲಿನಲ್ಲಿದ್ದ ಶಂಭುಲಿಂಗಯ್ಯನವರು ಮೊದಲ ಬಾರಿಗೆ ತಲೆದೂಗಿದರು. ಅವಳಿಗೆ ಅಳು ಬಂತು. ಸಿಟ್ಟು ಮಾತ್ರ ಇಳಿದಿರಲಿಲ್ಲ.

ಇಂಥವರು ನಮ್ಮ ಸಂತೋಷದ ಹೊಸ್ತಿಲಲ್ಲೇ ಅಡ್ಡ ನಿಲ್ಲುವವರು. ಅವರನ್ನು ಪ್ರೀತಿಸುವುದು ಸುಲಭವಲ್ಲ, ಸಹಿಸುವುದಂತೂ ಇನ್ನೂ ಕಷ್ಟ. ಆದರೂ ಇಷ್ಟು ದೊಡ್ಡ ಲೋಕದಲ್ಲಿ ನಾವು ಮರುಮಾತಿಲ್ಲದೆ ನಂಬುವುದು ಅವರ 'ಹೌದು' ಒಂದನ್ನೇ.