ನಿಜಗುಣಪ್ಪನವರ ಪ್ರಮೇಯ

ಬೈಲಹೊಂಗಲದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದ ರಾಜೇಶ್ವರಿಗೆ ಆ ತಪ್ಪು ಮೊದಲು ಕಂಡದ್ದು 1999ರ ಆಗಸ್ಟ್‌ನಲ್ಲಿ. ಪಿಎಚ್‌ಡಿ ಪ್ರಬಂಧ ಒಪ್ಪಿಸಲು ಇನ್ನು ಐದು ತಿಂಗಳಿತ್ತು. ಆರು ವರ್ಷದ ಕೆಲಸ, ಐದು ಅಧ್ಯಾಯ. ಅರ್ಧ ಟೈಪೂ ಆಗಿತ್ತು. ಕೊನೆಯ ಅಧ್ಯಾಯಕ್ಕೆ ನಾಲ್ಕಾರು ಉದಾಹರಣೆ ಬಿಡಿಸಿ ಸೇರಿಸುವುದಷ್ಟೇ ಬಾಕಿ.

ನೂರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕಾದಾಗ ನೇರವಾಗಿ ಹೊರಟರೆ ಕೆಲಸ ಮುಗಿಯುವುದಿಲ್ಲ. ಅದಕ್ಕೆ ಉತ್ತರ ಇಷ್ಟಿರಬಹುದೆಂದು ಒಂದು ಅಂದಾಜು ಹಿಡಿದು, ಅದನ್ನು ಸಮೀಕರಣಗಳಲ್ಲಿ ಹಾಕಿ ಇನ್ನೊಂದು ಅಂದಾಜು ಪಡೆದು, ಅದನ್ನೂ ಹಾಕಿ, ಹೀಗೆ ಸುತ್ತುಸುತ್ತಾಗಿ ಉತ್ತರದ ಕಡೆ ಸಾಗುವ ವಿಧಾನಗಳಿವೆ. ರಾಜೇಶ್ವರಿಯ ಸಂಶೋಧನೆ ಇವುಗಳ ಮೇಲೆಯೇ. ಅವಳ ಮಾರ್ಗದರ್ಶಕ ನಿಜಗುಣಪ್ಪನವರು 1974ರಲ್ಲಿ ಒಂದು ಪ್ರಮೇಯ ಪ್ರಕಟಿಸಿದ್ದರು. ಉತ್ತರಕ್ಕೆ ಖಾತ್ರಿ ಮುಟ್ಟುವ ಎರಡು ವಿಧಾನಗಳನ್ನು ತೆಗೆದುಕೊಂಡು ಒಂದು ಸುತ್ತಿಗೆ ಒಂದು, ಮರುಸುತ್ತಿಗೆ ಇನ್ನೊಂದು ಎಂದು ಜೋಡಿಯಾಗಿ ಬಳಸಿದರೆ ಆ ಜೋಡಿಯೂ ಉತ್ತರಕ್ಕೆ ಮುಟ್ಟುತ್ತದೆ, ಅದೂ ಬೇಗ ಮುಟ್ಟುತ್ತದೆ ಎಂಬುದು ಅದರ ಸಾರ. ಧಾರವಾಡದಲ್ಲಿ ಎಂ.ಎಸ್ಸಿ. ಓದಿದವರಿಗೆಲ್ಲ ಅದು ‘ನಿಜಗುಣಪ್ಪನವರ ಪ್ರಮೇಯ’ ಎಂದೇ ಪರಿಚಯ. ರಾಜೇಶ್ವರಿಯ ಐದರಲ್ಲಿ ಮೂರು ಅಧ್ಯಾಯಗಳು ಅದರ ಮೇಲೆ ನಿಂತಿದ್ದವು.

ಕಾಲೇಜಿಗೆ ಆ ವರ್ಷವಷ್ಟೇ ಎರಡು ಕಂಪ್ಯೂಟರ್ ಬಂದಿದ್ದವು. ಉತ್ತರ ಒಂದು, ಎರಡು, ಮೂರು ಎಂದು ಮೊದಲೇ ಗೊತ್ತಿದ್ದ ಮೂರು ಸಮೀಕರಣಗಳನ್ನು ಕೊಟ್ಟು ಅವಳು ಪ್ರೋಗ್ರಾಂ ಓಡಿಸಿದಳು. ಹತ್ತನೆಯ ಸುತ್ತಿನ ಹೊತ್ತಿಗೆ ಅಂಕಿಗಳು ಉತ್ತರದ ಸಮೀಪ ಬಂದವು. ಇಪ್ಪತ್ತರ ಹೊತ್ತಿಗೆ ದೂರ ಸರಿಯತೊಡಗಿದವು. ಅರವತ್ತನೆಯ ಸುತ್ತಿನಲ್ಲಿ ಎರಡು ಇರಬೇಕಾದ ಕಡೆ ಮೈನಸ್ ಮೂವತ್ತೊಂದು ಇತ್ತು.

ಪ್ರೋಗ್ರಾಮಿನಲ್ಲಿ ತಪ್ಪಿದೆ ಎಂದುಕೊಂಡಳು. ಮೂರು ದಿನ ಹುಡುಕಿದರೂ ಸಿಗಲಿಲ್ಲ. ಆಮೇಲೆ ಉದ್ದ ನೋಟುಬುಕ್ಕು ತೆಗೆದು ಕೈಯಿಂದಲೇ ಲೆಕ್ಕ ಮಾಡಿದಳು. ಒಂದೊಂದೇ ವಿಧಾನ ಬಳಸಿದರೆ ಎರಡೂ ಸರಿಯಾಗಿ ಉತ್ತರಕ್ಕೆ ಹೋಗುತ್ತಿದ್ದವು. ಜೋಡಿಸಿದರೆ ದಾರಿ ತಪ್ಪುತ್ತಿದ್ದವು. ಅಲ್ಲಿಗೂ ನಂಬಿಕೆಯಾಗದೆ 1974ರ ಲೇಖನವನ್ನು ತೆಗೆದು, ಹೊಸದಾಗಿ ಓದುವವಳಂತೆ ಸಾಲುಸಾಲಾಗಿ ಓದಿದಳು. ಮೂರನೆಯ ಪುಟದಲ್ಲಿ ಎರಡು ಮಾತೃಕೆಗಳನ್ನು, ಅಂದರೆ ಸಾಲು ಕಂಬಗಳಲ್ಲಿ ಜೋಡಿಸಿದ ಅಂಕಿಗಳ ಚೌಕಗಳನ್ನು, ಗುಣಿಸುವ ಕ್ರಮವನ್ನು ಅದಲುಬದಲು ಮಾಡಲಾಗಿತ್ತು. ಮೂರು ನಾಲ್ಕಲೆ, ನಾಲ್ಕು ಮೂರಲೆ ಎಂದು ಅಂಕಿಗಳನ್ನು ಹಾಗೆ ತಿರುಗಿಸಬಹುದು, ಮಾತೃಕೆಗಳನ್ನು ತಿರುಗಿಸಲು ಬರುವುದಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಅವಳೇ ವರ್ಷವರ್ಷ ಹೇಳಿಕೊಡುತ್ತಿದ್ದ ಮಾತು. ಆ ಪುಟವನ್ನು ಅವಳು ನೂರು ಸಲವಾದರೂ ಓದಿದ್ದಳು.

ಎಂಟು ದಿನ ಯಾರಿಗೂ ಹೇಳಲಿಲ್ಲ. ಪಾಠ ಮಾಡುತ್ತ ಅರ್ಧಕ್ಕೆ ಮಾತು ಮರೆಯುತ್ತಿದ್ದಳು. ಒಂಬತ್ತನೆಯ ದಿನ ಊಟಕ್ಕೆ ಕುಳಿತಾಗ ಗಂಡ ವಿಜಯನಿಗೆ ಹೇಳಿದಳು. ವಿಜಯ ಯರಗಟ್ಟಿಯ ಹೈಸ್ಕೂಲಿನಲ್ಲಿ ಮಾಸ್ತರ. ಅವನು ಕೆಟ್ಟವನಲ್ಲ, ಆದರೆ ಆರು ವರ್ಷ ರವಿವಾರಗಳೆಲ್ಲ ಅವಳ ಧಾರವಾಡ, ಕಿತ್ತೂರುಗಳ ಓಡಾಟಕ್ಕೆ ಹೋಗಿದ್ದವು. ಮಕ್ಕಳನ್ನು ನೋಡಿಕೊಳ್ಳಲು ಅವನ ತಾಯಿ ಸುಂದರವ್ವ ಚಚಡಿಯ ಮನೆ ಬಿಟ್ಟು ಬಂದು ಇಲ್ಲೇ ಇದ್ದಳು. ಇಪ್ಪತ್ತೈದು ವರ್ಷ ಯಾರ ಕಣ್ಣಿಗೂ ಬೀಳದ್ದು ಈಗ ಪರೀಕ್ಷಕರ ಕಣ್ಣಿಗೆ ಬೀಳುತ್ತದೆಯೇ ಎಂದು ಅವನು ಕೇಳಿದ. ಆ ಒಂದು ಉದಾಹರಣೆ ಬಿಟ್ಟು ಬೇರೆ ಹಾಕಿದರಾಯಿತಲ್ಲ ಎಂದ. ಅವಳು ಅದನ್ನು ಆಗಲೇ ಯೋಚಿಸಿದ್ದಳು. ಬೇರೆ ನಾಲ್ಕು ಉದಾಹರಣೆಗಳನ್ನು ಆರಿಸಿಯೂ ಇಟ್ಟಿದ್ದಳು, ಅವೆಲ್ಲ ಸರಿಯಾಗಿ ಉತ್ತರಕ್ಕೆ ಹೋಗುತ್ತಿದ್ದವು. ಅದನ್ನು ಗಂಡನಿಗೆ ಹೇಳಲು ನಾಚಿಕೆಯಾಯಿತು.

ಸೆಪ್ಟೆಂಬರಿನ ಮೊದಲ ರವಿವಾರ ಅವಳು ಕಿತ್ತೂರಿನ ಬಸ್ಸು ಹತ್ತಿದಳು.

ನಿಜಗುಣಪ್ಪನವರು ನಿವೃತ್ತರಾದ ಮೇಲೆ ಕಿತ್ತೂರಿನ ತಮ್ಮ ಮನೆಯಲ್ಲೇ ಇದ್ದರು. ಎಪ್ಪತ್ತೆರಡು ವಯಸ್ಸು, ನೆಟ್ಟಗಿನ ಬೆನ್ನು, ಕಡಿಮೆ ಮಾತು. ಅವರ ಹೆಂಡತಿ ಸಿದ್ದಲಿಂಗವ್ವ ಚಹಾ ಕೊಟ್ಟು ಒಳಗೆ ಹೋದ ಮೇಲೆ ರಾಜೇಶ್ವರಿ ನೋಟುಬುಕ್ಕು ಮುಂದಿಟ್ಟಳು. ನಾನೇ ಎಲ್ಲೋ ತಪ್ಪಿರಬೇಕು, ನೋಡ್ರಿ ಸರ್ ಎಂದಷ್ಟೇ ಅಂದಳು.

ಅವರು ಪುಟ ತೆರೆದರು, ಮೊದಲ ಎರಡು ಸಾಲು ನೋಡಿದರು, ಮುಚ್ಚಿದರು. ಲೆಕ್ಕವನ್ನು ಪೂರ್ತಿ ನೋಡಲೇ ಇಲ್ಲ.

“ಮೂರನೇ ಪುಟ ಅಲ್ಲಾ?” ಎಂದು ಕೇಳಿದರು.

ರಾಜೇಶ್ವರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

“ನಿಮಗ ಗೊತ್ತಿತ್ತೇನ್ರಿ ಸರ್?”

“ಎಂಬತ್ಮೂರರಾಗ ಗೊತ್ತಾತು. ಕ್ಲಾಸಿನ್ಯಾಗ ಬೋರ್ಡಿನ ಮ್ಯಾಲ ಬರಿಯಾಕ ಹತ್ತಿದ್ದೆ. ಕೈ ನಿಂತ ಬಿಡ್ತು.”

ಆಮೇಲೆ ಅವರು ನಿಧಾನವಾಗಿ ಹೇಳಿದರು. ಆವತ್ತು ಹುಡುಗರಿಗೆ ಗೊತ್ತಾಗದಂತೆ ಬೋರ್ಡು ಒರೆಸಿ ಬೇರೆ ಪಾಠ ತೆಗೆದಿದ್ದರಂತೆ. ಸಾಧನೆ ತಪ್ಪಾದರೂ ಪ್ರಮೇಯ ನಿಜವೇ ಇದ್ದೀತು, ಬೇರೆ ದಾರಿಯಿಂದ ಸಾಧಿಸಬಹುದು ಎಂದು ನಾಲ್ಕು ವರ್ಷ ಒದ್ದಾಡಿದ್ದರು. ಆಗಲಿಲ್ಲ. ಸುಳ್ಳೆಂದು ತೋರಿಸುವ ಉದಾಹರಣೆ ಹುಡುಕಲು ಮಾತ್ರ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ನಿವೃತ್ತಿಯಾಯಿತು. ನಿವೃತ್ತರಾದ ಮೇಲೂ ವಿಶ್ವವಿದ್ಯಾಲಯ ಮಾರ್ಗದರ್ಶನಕ್ಕೆ ಒಪ್ಪಿಗೆ ಕೊಟ್ಟಿತ್ತು, ಆಗ ರಾಜೇಶ್ವರಿ ಬಂದಳು. ಕೈಯ ಕೆಳಗೆ ಬಂದವರಲ್ಲಿ ಅವಳಷ್ಟು ಗಟ್ಟಿ ಇನ್ನೊಬ್ಬರಿರಲಿಲ್ಲ, ಅವಳ ಕೈಯಿಂದ ಆದೀತು ಎಂದು ಅದೇ ವಿಷಯ ಕೊಟ್ಟರು.

“ನನಗ ಮೊದಲ ಹೇಳಬೇಕಿತ್ರಿ ಸರ್. ಆರು ವರ್ಷ ಆತು.”

“ಹೇಳಿದ್ರ ನೀ ಈ ವಿಷಯ ಹಿಡೀತಿರಲಿಲ್ಲ.”

ಅದು ನಿಜವಾಗಿತ್ತು, ಆದ್ದರಿಂದಲೇ ಅವಳಿಗೆ ಹೆಚ್ಚು ಸಿಟ್ಟು ಬಂತು. ಬಾಗಿಲಲ್ಲಿ ನಿಂತು, ಪ್ರಮೇಯ ಅಚ್ಚಾದ ಪತ್ರಿಕೆಗೆ ನೀವೇ ಬರೆದು ತಿಳಿಸ್ರಿ ಎಂದು ಕೇಳಿಕೊಂಡಳು. ದೀಪಾವಳಿ ತನಕ ಸಮಯ ಕೊಡು ಎಂದರು ಅವರು.

ದೀಪಾವಳಿ ಬಂತು, ಹೋಯಿತು. ಕಿತ್ತೂರಿನಿಂದ ಕಾಗದ ಬರಲಿಲ್ಲ. ರಾಜೇಶ್ವರಿ ಪ್ರಬಂಧ ಒಪ್ಪಿಸುವ ದಿನ ಮುಂದೆ ಹಾಕಿಸಿಕೊಂಡು, ಮೂರು ಪುಟದ ಒಂದು ಲೇಖನವನ್ನು ತಾನೇ ಬರೆದಳು. ಅದರಲ್ಲಿ ಪ್ರಮೇಯ ಯಾಕೆ ನಿಲ್ಲುವುದಿಲ್ಲ ಎಂಬ ವಿವರಣೆಯಿತ್ತು, ತನ್ನ ಮೂರು ಸಮೀಕರಣಗಳ ಉದಾಹರಣೆಯೂ ಇತ್ತು. ಅಂಚೆಗೆ ಹಾಕುವ ಮೊದಲು ಅವರಿಗೆ ತೋರಿಸದೆ ಇರುವುದು ಅವಳಿಂದಾಗಲಿಲ್ಲ. ಹೇಳದೆ ಕಳಿಸುವುದು ಕದ್ದಂತೆ ಎಂದು ಸುಂದರವ್ವನೂ ಅಂದಿದ್ದಳು. ಡಿಸೆಂಬರಿನಲ್ಲಿ ಮತ್ತೆ ಕಿತ್ತೂರಿಗೆ ಹೋದಳು.

ಅವರು ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಕುಳಿತು ಮೂರೂ ಪುಟ ಓದಿದರು. ಒಂದು ಗಂಟೆಯೇ ಆಗಿರಬೇಕು. ಹರಿದು ಹಾಕುತ್ತಾರೋ, ಎದ್ದು ಹೋಗು ಎನ್ನುತ್ತಾರೋ ಎಂದು ರಾಜೇಶ್ವರಿ ಎದೆ ಗಟ್ಟಿ ಮಾಡಿಕೊಂಡು ಕುಳಿತಿದ್ದಳು. ಅವರು ಪೆನ್ಸಿಲ್ ತೆಗೆದುಕೊಂಡು ಅವಳ ಉದಾಹರಣೆಯ ಸುತ್ತ ಒಂದು ಗೆರೆ ಎಳೆದರು.

“ಮೂರು ಸಮೀಕರಣ ಯಾಕ ಬೇಕು? ಎರಡ ಸಾಕಲ್ಲಾ.”

ಅಂಚಿನಲ್ಲಿ ಅವರು ಎರಡು ಸಾಲು, ಎರಡು ಕಂಬದ ಮಾತೃಕೆಗಳನ್ನು ಬರೆದರು. ಒಂದು ಅಂಕಿ ಹೊಡೆದುಹಾಕಿ ಬೇರೆ ಬರೆದರು, ಗುಣಿಸಿದರು. ಐದೇ ನಿಮಿಷದಲ್ಲಿ ಹೈಸ್ಕೂಲಿನ ಮಕ್ಕಳೂ ಪರೀಕ್ಷಿಸಿ ನೋಡಬಹುದಾದ ಉದಾಹರಣೆ ಸಿದ್ಧವಾಯಿತು. ಹದಿನಾರು ವರ್ಷ ಹುಡುಕಲು ಅಂಜಿದ್ದು ಇಷ್ಟು ಚಿಕ್ಕದಾಗಿತ್ತು. ಅವರ ಮುಖದಲ್ಲಿ ಕೆಲಸ ಸರಿ ಕೂತಾಗ ಬರುವ ಗೆಲುವು ಒಂದು ಕ್ಷಣ ಬಂದು ಹೋಯಿತು. ಆಮೇಲೆ ಅವರು ಪೆನ್ಸಿಲ್ ಕೆಳಗಿಟ್ಟರು.

ರಾಜೇಶ್ವರಿ ಈ ಉದಾಹರಣೆ ನಿಮ್ಮದೆಂದು ಬರೆಯುತ್ತೇನೆ, ಇಬ್ಬರ ಹೆಸರಲ್ಲೂ ಕಳಿಸೋಣ ಎಂದಳು.

“ತಪ್ಪು ಎಲ್ಲೈತಿ ಅಲ್ಲಿ ನನ್ನ ಹೆಸರ ಪೂರಾ ಹಾಕು. ಬ್ಯಾರೆ ಎಲ್ಲೂ ಬ್ಯಾಡ,” ಎಂದರು ಅವರು. ಹಾಳೆಗಳನ್ನು ಮಡಚಿ ಅವಳ ಕೈಗೆ ಕೊಟ್ಟು, “ಇನ್ನ ನೀ ಇಲ್ಲಿ ತನಕ ಬರೂದ ಬ್ಯಾಡವಾ,” ಎಂದರು.

ಸಿಟ್ಟಿನಿಂದ ಹೇಳಿದ ಮಾತಾಗಿದ್ದರೆ ಅವಳು ಮರೆಯುತ್ತಿದ್ದಳೇನೋ.

ಲೇಖನ 2000ದ ಕೊನೆಗೆ ಅಚ್ಚಾಯಿತು, ಒಂದೂವರೆ ಪುಟ. ಧಾರವಾಡದ ಗಣಿತ ವಿಭಾಗದಲ್ಲಿ ಅದನ್ನು ಓದಿದವರಿಗಿಂತ ಅದರ ಬಗ್ಗೆ ಕೇಳಿದವರೇ ಹೆಚ್ಚು. ಗುರುವಿನ ಹೆಸರು ಕೆಡಿಸಿ ತಾನು ದೊಡ್ಡವಳಾದಳು ಎಂದರು ಕೆಲವರು. ನಿಜಗುಣಪ್ಪನವರ ಕೈಯಲ್ಲಿ ಕಲಿತು ಪ್ರಾಧ್ಯಾಪಕರಾಗಿದ್ದ ಒಬ್ಬರು ಕಾರಿಡಾರಿನಲ್ಲಿ ಎದುರಾದಾಗ ಅವಳ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಮಾಡಲಿಲ್ಲ. ಅವಳಿಗೆ ಗೊತ್ತಿತ್ತು, ಆ ಉದಾಹರಣೆ ನಿಜಗುಣಪ್ಪನವರದೇ ಎಂದು ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಆದರೆ ಬೇಡ ಎಂದಿದ್ದರಲ್ಲ. ಅವಳು ಹೇಳಲಿಲ್ಲ.

ಹೊಸ ಮಾರ್ಗದರ್ಶಕರು ಸಿಗಲು ಒಂದು ವರ್ಷ ಬೇಕಾಯಿತು. ಮೂರು ಅಧ್ಯಾಯ ಬಿಟ್ಟುಕೊಟ್ಟಳು. ಸಮ್ಮಿತ ಮಾತೃಕೆ, ಅಂದರೆ ಕರ್ಣದ ಎರಡೂ ಬದಿಗೆ ಒಂದೇ ಅಂಕಿಗಳಿರುವ ಮಾತೃಕೆಗಳಲ್ಲಿ ಒಂದು ಬಗೆಯವಕ್ಕೆ ಮಾತ್ರ ಆ ಪ್ರಮೇಯವನ್ನು ಬೇರೆ ರೀತಿಯಿಂದ ಉಳಿಸಿಕೊಳ್ಳಬಹುದು ಎಂದು ಎರಡು ವರ್ಷದ ದುಡಿಮೆಯಿಂದ ಸಾಧಿಸಿದಳು. ಅದನ್ನು ಕಿತ್ತೂರಿಗೆ ಅಂಚೆಯಲ್ಲಿ ಕಳಿಸಿದಳು. ಉತ್ತರ ಬರಲಿಲ್ಲ. 2004ರ ಜನವರಿಯಲ್ಲಿ ಪದವಿ ಬಂತು. ಆ ದಿನ ಸುಂದರವ್ವ ಹೋಳಿಗೆ ಮಾಡಿದಳು, ಮರುವಾರ ಚಚಡಿಗೆ ಹೊರಟುಹೋದಳು.

ಅದೇ ಜೂನಿನಲ್ಲಿ ನಿಜಗುಣಪ್ಪನವರು ಲಿಂಗೈಕ್ಯರಾದರು. ಸುದ್ದಿ ತಿಳಿಯುವುದು ತಡವಾಗಿ, ರಾಜೇಶ್ವರಿ ಹೋದದ್ದು ಐದನೆಯ ದಿನ. ಬರಬೇಡ ಎಂದವರ ಮನೆಗೆ ಹೋಗುವುದು ಸರಿಯೋ ತಪ್ಪೋ ಎಂದು ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದಳು.

ಸಿದ್ದಲಿಂಗವ್ವ ಗೋಡೆಗೆ ಒರಗಿ ಕುಳಿತಿದ್ದಳು. ಕೂಡ್ರು ಎಂದು ಚಾಪೆ ತೋರಿಸಿದಳು. ಕೊನೆಯ ದಿನಗಳ ಮಾತಾಯಿತು: ಜ್ವರ, ಹುಬ್ಬಳ್ಳಿಯ ಆಸ್ಪತ್ರೆ, ಊಟ ಬಿಟ್ಟದ್ದು. ಅಂಚೆಯಲ್ಲಿ ಬಂದ ಕಾಗದ ಅವರು ಓದಿದರೇ ಎಂದು ರಾಜೇಶ್ವರಿ ಕೇಳಿದಳು. ಎರಡು ದಿನ ಓದಿದರು, ಆಮೇಲೆ ಕಪಾಟಿನಲ್ಲಿಟ್ಟರು, ಏನೂ ಅನ್ನಲಿಲ್ಲ ಎಂದಳು ಸಿದ್ದಲಿಂಗವ್ವ. ಆಮೇಲೆ ಆ ಮುದುಕಿ ಯಾವ ಕೋಪವೂ ಇಲ್ಲದೆ ಕೇಳಿದಳು:

“ಒಂದ ನಾಕ ವರ್ಷ ತಡದ ಬರಿಯಾಕ ಬರ್ತಿರಲಿಲ್ಲೇನವಾ? ಅವರು ಹೋದ ಮ್ಯಾಲ?”

ಈ ಪ್ರಶ್ನೆಗೆ ರಾಜೇಶ್ವರಿ ತನ್ನೊಳಗೆ ಎಷ್ಟೋ ಸಲ ಉತ್ತರ ಹೇಳಿಕೊಂಡಿದ್ದಳು. ಬೇರೆಯವರು ಅದರ ಮೇಲೆ ಕೆಲಸ ಕಟ್ಟುತ್ತಿದ್ದರು, ತನ್ನ ಪ್ರಬಂಧ ನಿಂತಿತ್ತು, ತಪ್ಪು ತಪ್ಪೇ. ಎಲ್ಲವೂ ಸರಿಯಾದ ಕಾರಣಗಳೇ. ಆ ಮನೆಯಲ್ಲಿ ಕುಳಿತು ಅವುಗಳಲ್ಲಿ ಒಂದನ್ನೂ ಹೇಳಲಾಗಲಿಲ್ಲ.

“ಬರ್ತಿತ್ತೋ ಏನೋ ಅಮ್ಮಾ,” ಎಂದಳು. “ನನ್ನಿಂದ ಆಗಲಿಲ್ಲ.”

ಸಿದ್ದಲಿಂಗವ್ವ ತಲೆಯಾಡಿಸಿದಳು. ಒಪ್ಪಿದ್ದಕ್ಕೋ ಕೇಳಿಸಿತು ಎನ್ನುವುದಕ್ಕೋ ತಿಳಿಯಲಿಲ್ಲ. ಒಳಗಿದ್ದ ಸೊಸೆಯನ್ನು ಕರೆದು, ಬೈಲಹೊಂಗಲದ ಬಸ್ಸಿಗೆ ಇನ್ನೂ ಹೊತ್ತಿದೆ, ಇವರಿಗೆ ಒಂದು ತಾಟು ಹಾಕು ಎಂದಳು. ರಾಜೇಶ್ವರಿ ಕೈ ತೊಳೆದು ಬಂದು ಊಟಕ್ಕೆ ಕುಳಿತಳು.