ಲಾಕ್ಲಿನ್‌ನ ಭುಜಕ್ಕೆ ಯಾವ ಹಾಡು?

ಲಾಕ್ಲಿನ್‌ಗೆ ಬಲಭುಜದ ನೋವು ಶುರುವಾಗಿ ಆರು ವರ್ಷ. ಕೇಪ್ ಬ್ರೆಟನ್ ದ್ವೀಪದ ಕಡಲತೀರದ ಊರಿನಲ್ಲಿ ನಲವತ್ತು ವರ್ಷ ಶನಿವಾರದ ಕುಣಿತಕ್ಕೆ ಪಿಟೀಲು ನುಡಿಸಿದ ಭುಜ ಅದು. ಈಗ ಊಟ ಮುಗಿಯುವ ತನಕ ಕುರ್ಚಿಯಲ್ಲಿ ಕೂರುವುದಕ್ಕೂ ಬಿಡುತ್ತಿರಲಿಲ್ಲ. ಅರ್ಧಕ್ಕೇ ಎದ್ದು ಅಡುಗೆಮನೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ. ಹೆಂಡತಿ ಎಫಿಗೆ ಬೇಕಿದ್ದದ್ದು ಒಂದೇ, ಎದುರಿಗೆ ಕೂತು ಉಣ್ಣುವ ಗಂಡ.

ಡಾಕ್ಟರು ಮಾತ್ರೆಯ ಜೊತೆಗೆ ಸಂಗೀತ ಚಿಕಿತ್ಸೆಗೂ ಚೀಟಿ ಬರೆದರು.

"ಪಿಟೀಲು ನುಡಿಸೀ ನುಡಿಸೀ ಭುಜ ಹೋಯ್ತು. ಈಗ ಸಂಗೀತಾನೇ ಔಷಧಿಯಂತೆ," ಎಂದು ಲಾಕ್ಲಿನ್ ಗೊಣಗಿದ.

ಎಫಿಯ ಕಾಟ ತಾಳಲಾರದೆ ಕೊನೆಗೆ ಅಲ್ಲಿಗೆ ಹೋದ. ಚಿಕಿತ್ಸೆ ಕೊಡಲು ತರಬೇತಿ ಪಡೆದ ಡೋಲಿನಾ, ಇಷ್ಟವಾದ ಸಂಗೀತ ಆರಿಸಿಕೊಳ್ಳಿ ಅಂದಳು. ಅವನು ಪಿಟೀಲಿನ ಕುಣಿತದ ಮಟ್ಟುಗಳನ್ನೇ ಆರಿಸಿದ. ವಾರವಿಡೀ ಕೇಳಿದ. ನೋವು ಹೆಚ್ಚಾಯಿತು. ಜೀವಕ್ಕಿಂತ ಹೆಚ್ಚಾದ ಸಂಗೀತವೇ ಮೈಗೆ ಆಗಿಬರದಿದ್ದರೆ ಏನು ಮಾಡುವುದು? ಅವನಿಗೆ ದಿಕ್ಕೇ ತೋಚಲಿಲ್ಲ.

ಮುಂದಿನ ವಾರ ಎಫಿಯೂ ಜೊತೆಗೆ ಬಂದಳು. ಡೋಲಿನಾ ಅದೇ ಪಿಟೀಲಿನ ರೆಕಾರ್ಡು ಹಾಕಿ ಅವನನ್ನೇ ನೋಡುತ್ತಾ ಕೂತಳು.

"ಅಜ್ಜ, ನೀವು ಕೇಳ್ತಾ ಇಲ್ಲ, ನುಡಿಸ್ತಾ ಇದೀರ. ಭುಜ ನೋಡ್ಕೊಳಿ."

ಭುಜ ಕಿವಿಯ ತನಕ ಏರಿ ಕಲ್ಲಾಗಿತ್ತು. ಬೆರಳುಗಳು ಕಮಾನು ಹಿಡಿದಂತೆ ಮಡಚಿದ್ದವು.

"ಈ ಪಿಟೀಲಿನವನು ಮಟ್ಟಿನ ತಿರುವಲ್ಲಿ ಅವಸರ ಮಾಡ್ತಾನಲ್ಲಮ್ಮ. ನಾನಾದ್ರೂ ಸರಿ ಮಾಡ್ಬೇಡ್ವಾ?"

"ನುಡಿಸೋದು, ತಿದ್ದೋದು ಅಂತ ನಿಮಗೆ ಕೆಲಸವೇ ಇಲ್ಲದ ಹಾಡು ಯಾವ್ದು?"

ಲಾಕ್ಲಿನ್ ತಬ್ಬಿಬ್ಬಾದ. ಅಂಥದ್ದೂ ಒಂದಿರುತ್ತದೆಯೇ?

"ನಾನು ಓಟ್ಸ್ ರೊಟ್ಟಿ ಲಟ್ಟಿಸೋವಾಗ ಗುನುಗೋ ಗೇಲಿಕ್ ಭಾಷೆಯ ಹಾಡು," ಅಂದಳು ಎಫಿ. "ಶ್ರುತಿ ಗಿತಿ ಏನಿಲ್ಲ. ಇವ್ನು ಮಾತ್ರ ಕೂತಲ್ಲೇ ತೂಕಡಿಸ್ತಾನೆ."

ಡೋಲಿನಾ ಅವಳಿಂದ ಅದನ್ನೇ ಹಾಡಿಸಿದಳು. ಮೊದಲು ಅವನ ಉಸಿರಿನ ವೇಗಕ್ಕೆ, ಆಮೇಲೆ ನಿಧಾನವಾಗಿ, ಇನ್ನೂ ನಿಧಾನವಾಗಿ. ಉಸಿರು ಹಾಡಿನ ಹಿಂದೆ ಹೋಯಿತು. ಭುಜ ಕೆಳಗಿಳಿಯಿತು.

"ನೋವು ಹೋಯ್ತಾ ಅಜ್ಜ?"

"ಹೋಗಿಲ್ಲ. ಸ್ವಲ್ಪ ಸರಿದು ಕೂತಿದೆ. ಮಾತ್ರೆ ಬಿಡ್ಲಾ?"

"ಡಾಕ್ಟ್ರನ್ನ ಕೇಳ್ದೆ ಬಿಡ್ಬೇಡಿ. ಇದು ನೋವನ್ನ ಕಿತ್ತುಹಾಕಲ್ಲ. ತಡ್ಕೊಳ್ಳೋಕೆ ಆಸರೆ ಆಗುತ್ತೆ ಅಷ್ಟೆ. ದಿನಾ ಮಾಡ್ಬೇಕು."

ದಿನಾ ಮಾಡಿದರು. ಕೆಲವು ದಿನ ಏನೂ ಆಗಲಿಲ್ಲ. ತಿಂಗಳ ಮೇಲೆ ಒಂದು ಭಾನುವಾರ, ಊಟ ಮುಗಿದು ಚಹಾ ಬಂದರೂ ಲಾಕ್ಲಿನ್ ಕುರ್ಚಿಯಲ್ಲೇ ಇದ್ದ. ಎಫಿಯ ಕಣ್ಣು ತುಂಬಿತು.

"ಶ್ರುತಿ ಇಲ್ಲದ ಹಾಡು ಹೆಂಗೆ ಕೆಲ್ಸ ಮಾಡುತ್ತೆ ಅಂತ ನಂಗಿನ್ನೂ ತಿಳೀಲಿಲ್ಲ ಕಣೆ."

"ತಿಳೀದೇ ಇದ್ರೂ ಪರ್ವಾಗಿಲ್ಲ, ಕೂತ್ಕೋ."

ನಿಮ್ಮ ಮನೆಯಲ್ಲೂ ನೋವಿಗೆ ಊಟದ ನಡುವೆ ಎದ್ದುಹೋಗುವವರು ಇದ್ದಾರೆಯೇ? ಮಾತ್ರೆ ನಿಲ್ಲಿಸಬೇಡಿ. ಸಂಗೀತ ಚಿಕಿತ್ಸೆಯ ಬಗ್ಗೆ ಡಾಕ್ಟರನ್ನು ವಿಚಾರಿಸಿ. ಒಂದು ಹಾಡು ಒಗ್ಗದಿದ್ದರೆ ಇನ್ನೊಂದನ್ನು ಹುಡುಕಿ. ಇವತ್ತೇ ಅವರ ಪಕ್ಕ ಕೂತು ಕೇಳಿ: ನಿನಗೆ ಕೆಲಸವೇ ಇಲ್ಲದ ಹಾಡು ಯಾವುದು?